ನಿಮ್ಮ ‘ಯಕೃತ್ತಿನ ಕುರುಕ್ಷೇತ್ರ’ದ ಬಗ್ಗೆ

ನಮಸ್ಕಾರ.

ನಿಮ್ಮ ‘ಯಕೃತ್ತಿನ ಕುರುಕ್ಷೇತ್ರ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಇರಲೂ ಮನಸ್ಸಾಗುತ್ತಿಲ್ಲ. ನೀವು ಓದಿಕೊಂಡು ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಲೇಖನವನ್ನು ಕೆಡಿಸಿರುವುದು ನಿಮ್ಮ ಯುದ್ಧ.

ಮೊದಲ ಸಾಲೇ ನೋಡಿ: “ಹೆಪಟೈಟಿಸ್ ಬಿ ಎಂಬ ರಾಕ್ಷಸನು ಯಕೃತ್ತಿನ ಕೋಟೆಯನ್ನು ಧ್ವಂಸಗೊಳಿಸುತ್ತಿದ್ದಂತೆಯೇ ಶ್ವೇತರಕ್ತಕಣಗಳೆಂಬ ವೀರಯೋಧರು ರಣಕಹಳೆ ಮೊಳಗಿಸುತ್ತಾರೆ.” ಓದಲು ಜೋರಾಗಿದೆ. ಆದರೆ ಧ್ವಂಸವೂ ಸುಳ್ಳು, ಕಹಳೆಯೂ ಸುಳ್ಳು.

ಬಿ ವೈರಸ್ ತಾನಾಗಿ ಲಿವರ್ ಕೋಶವನ್ನು ಕೊಲ್ಲುವುದಿಲ್ಲ. ಒಳಗೆ ಕೂತು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಕೋಶವೂ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಬೇರೆ ಎಷ್ಟೋ ವೈರಸ್‌ಗಳು ನುಗ್ಗಿದಾಗ ಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಟ್ಟು ಅಕ್ಕಪಕ್ಕಕ್ಕೆ ಸುದ್ದಿ ಮುಟ್ಟಿಸುತ್ತದೆ. ಇದು ನುಗ್ಗಿದಾಗ ಆ ಸುದ್ದಿ ಹೊರಡುವುದೇ ಅಪರೂಪ. ಅದಕ್ಕೇ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು.

ಹಾಗಾದರೆ ಕಣ್ಣು ಹಳದಿಯಾಗುವುದು ಯಾರಿಂದ? ನಿಮ್ಮ ವೀರಯೋಧರಿಂದಲೇ. ಇದನ್ನು ನೀವು ನಾಲ್ಕನೇ ಪುಟದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ. ಅಲ್ಲಿ ನಿಂತು ಒಂದೇ ಒಂದು ಕೋಶವನ್ನು ಹತ್ತಿರದಿಂದ ತೋರಿಸಿ. ವೈರಸ್ ಹೊಕ್ಕ ಕೋಶ ಆ ವೈರಸ್ಸಿನ ಪ್ರೋಟೀನ್ ಚೂರುಗಳನ್ನು ತನ್ನ ಮೈಮೇಲೆ ಹಿಡಿದು ತೋರಿಸುತ್ತಿರುತ್ತದೆ. ಶ್ವೇತರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕೋಶ ರಕ್ತನಾಳದ ಕಿಂಡಿಯಿಂದ ತೂರಿಬಂದು ಅದನ್ನು ಮುಟ್ಟಿ ನೋಡುತ್ತದೆ. ಗುರುತು ಸಿಕ್ಕಿದರೆ ಪರ್ಫೊರಿನ್ ಎಂಬ ಪ್ರೋಟೀನಿನಿಂದ ಕೋಶದ ಪೊರೆಯಲ್ಲಿ ತೂತು ಮಾಡಿ, ಗ್ರಾಂಜೈಮ್ ಎಂಬ ಕೊಲ್ಲುವ ಕಿಣ್ವವನ್ನು ಒಳಗೆ ಬಿಡುತ್ತದೆ. ಕೋಶ ಸಾಯುತ್ತದೆ. ಅದರೊಳಗಿದ್ದ ಎಎಲ್‌ಟಿ ಕಿಣ್ವ ರಕ್ತಕ್ಕೆ ಸೋರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಏರಿ ಕೂತಿರುತ್ತದಲ್ಲ ಆ ಸಂಖ್ಯೆ, ಅದು ಬಹುಪಾಲು ನಮ್ಮವರೇ ಕೊಂದ ನಮ್ಮವರ ಲೆಕ್ಕ. ಕುರುಕ್ಷೇತ್ರದಲ್ಲೂ ಸತ್ತದ್ದು ಒಂದೇ ಮನೆಯವರು ಅಲ್ವಾ? ಶೀರ್ಷಿಕೆ ನಿಮಗೇ ಗೊತ್ತಿಲ್ಲದ ಹಾಗೆ ಸರಿಯಾಗಿದೆ. ಅದನ್ನು ಉಳಿಸಿಕೊಳ್ಳಿ.

ಇಲ್ಲೊಂದು ಪ್ರಶ್ನೆ ಏಳಬೇಕಿತ್ತು, ನೀವು ಕೇಳಿಲ್ಲ. ಸೋಂಕು ಜೋರಾದಾಗ ಲಿವರಿನ ಬಹುತೇಕ ಕೋಶಗಳಿಗೆ ವೈರಸ್ ಹೊಕ್ಕಿರಬಹುದು. ಎಲ್ಲವನ್ನೂ ಕೊಂದರೆ ಮನುಷ್ಯನೇ ಉಳಿಯುವುದಿಲ್ಲ. ಆದರೂ ದೊಡ್ಡವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಹೇಗೆ? ಟಿ ಕೋಶಗಳಿಗೆ ಕೊಲ್ಲದೆ ಕೆಲಸ ಮುಗಿಸುವ ದಾರಿಯೂ ಗೊತ್ತು. ಅವು ಸುರಿಸುವ ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನ್‌ಗಳು ಕೋಶದೊಳಗಿನ ವೈರಸ್ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಕೋಶ ಬದುಕಿಕೊಳ್ಳುತ್ತದೆ. ಕತ್ತಿ ಹಿಡಿದ ಯೋಧನ ಚಿತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ. ಅದಕ್ಕೇ ನಿಮಗೆ ಪ್ರಶ್ನೆ ಹೊಳೆದಿಲ್ಲ ಅನ್ನಿಸುತ್ತದೆ.

ಶುರು ಎಲ್ಲಿಂದ ಮಾಡಬೇಕು ಅಂದರೆ, ನೀವು ಕೊನೆಯಲ್ಲಿ ಆವರಣದೊಳಗೆ ತುರುಕಿದ ಸಾಲಿನಿಂದ. ಹುಟ್ಟುವಾಗ ಸೋಂಕು ತಗುಲಿದ ನೂರು ಮಕ್ಕಳಲ್ಲಿ ಸುಮಾರು 90 ಮಂದಿಗೆ ಬಿ ವೈರಸ್ ಶಾಶ್ವತವಾಗಿ ನಿಲ್ಲುತ್ತದೆ. ದೊಡ್ಡವರಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ. ಕಾಮಾಲೆಯಾಗಿ ಮಲಗಿದ ದೊಡ್ಡವರು ಸಾಮಾನ್ಯವಾಗಿ ವೈರಸ್ಸನ್ನು ಕಳೆದುಕೊಂಡು ಏಳುತ್ತಾರೆ. ಏನೂ ಆಗದೆ ನಗುನಗುತ್ತಾ ಇರುವ ಮಗು ಅದನ್ನು ಹೊತ್ತುಕೊಂಡೇ ಬೆಳೆಯುತ್ತದೆ. ಇನ್ನೂ ಪಳಗದ ಅದರ ದೇಹ ವೈರಸ್ಸನ್ನು ಸಹಿಸಿಕೊಂಡುಬಿಡುತ್ತದೆ. ಮೊದಲ ಡೋಸ್ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಅನ್ನುವುದು ಇದಕ್ಕೇ. ಇದಕ್ಕಿಂತ ಒಳ್ಳೆ ಆರಂಭ ಬೇಕಾ?

ಬಿ ವೈರಸ್ ಪತ್ತೆಹಚ್ಚಿದ ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಆ ಪ್ಯಾರಾ ಸುಮ್ನೆ ತೂಕಕ್ಕೆ ಕೂತಿದೆ. ಅವರು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಅಂದರೆ ವೈರಸ್ಸಿನ ಹೊರ ಅಂಗಿ. ಒಳಗೇನೂ ಇಲ್ಲದ ಇಂಥ ಖಾಲಿ ಅಂಗಿಗಳನ್ನು ಬಿ ವೈರಸ್ ನಿಜವಾದ ವೈರಸ್‌ಗಿಂತ ಸಾವಿರಾರು ಪಟ್ಟು ಜಾಸ್ತಿ ರಕ್ತಕ್ಕೆ ಬಿಡುತ್ತದೆ. ವೈರಸ್ ಹಿಡಿಯಲು ದೇಹ ತಯಾರಿಸುವ ಪ್ರತಿಕಾಯಗಳು (ಆ್ಯಂಟಿಬಾಡಿ) ಅವುಗಳ ಹಿಂದೆ ಬಿದ್ದು ವ್ಯರ್ಥವಾಗುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಟಿ ಕೋಶಗಳೂ ಸುಸ್ತಾಗುತ್ತವೆ. ನೊಬೆಲ್ ತೆಗೆದು ಈ ಅಂಗಿಯನ್ನು ಇಡಿ.

ಇನ್ನು ಸಣ್ಣಪುಟ್ಟವು. ಯಕೃತ್ತು, ಪಿತ್ತಜನಕಾಂಗ, ಲಿವರ್ ಮೂರೂ ಒಂದೇ ಪುಟದಲ್ಲಿವೆ. ಓದುಗರು ಮೂರು ಅಂಗ ಅಂದುಕೊಂಡಾರು. ಶೀರ್ಷಿಕೆಯಲ್ಲಿ ಯಕೃತ್ತು ಇರಲಿ, ಒಳಗೆಲ್ಲ ಲಿವರ್ ಸಾಕು. ಹೆಪಟೈಟಿಸ್ ಎ ಮತ್ತು ಬಿ ಎರಡನ್ನೂ ‘ಕಾಮಾಲೆ ವೈರಸ್’ ಎಂದು ಕಲೆಸಿದ್ದೀರಿ. ಎ ಬಂದು ಹೋಗುತ್ತದೆ, ದೀರ್ಘಕಾಲ ಬೇರೂರುವುದಿಲ್ಲ. ಸಿ ಬಗ್ಗೆ ಬೇರೆಯೇ ಲೇಖನ ಬರೆಯಿರಿ. ಅದಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ. ಗುಣವಾದವರಿಗೂ ಮತ್ತೆ ತಗುಲಬಹುದು. ಆ ಕತೆ ಇಲ್ಲಿ ಹಿಡಿಸುವುದಿಲ್ಲ.

‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳೋಣ’ ಎನ್ನುವ ಕೊನೆಯ ಪ್ಯಾರಾ ಮಾತ್ರ ಪೂರ್ತಿ ಹೊಡೆದುಹಾಕಿ. ಬಿ ಸೋಂಕಿನಲ್ಲಿ ಕೆಲವೇ ದಿನಗಳಲ್ಲಿ ಲಿವರ್ ಕೈಕೊಟ್ಟು ಜೀವ ಹೋಗುವ ಅಪರೂಪದ ಪ್ರಸಂಗಗಳಿವೆ. ಅಲ್ಲಿ ಆ ಶಕ್ತಿ ಕಡಿಮೆಯಾಗಿರುವುದಿಲ್ಲ, ಮಿತಿಮೀರಿರುತ್ತದೆ.

ತಿದ್ದಿದ ಪ್ರತಿ 900 ಪದದೊಳಗೆ ಇರಲಿ. ಕಹಳೆ ಬೇಡ.