ಹೆಡ್ ಕೂರಿಸಿದ್ದೂ ಆಯಿತು, ಗಾಡಿ ಮಾತ್ರ ಏರು ಎಳೆಯುತ್ತಿಲ್ಲ

ಪ್ರಶ್ನೆ: ಸರ್, ನನ್ನದು 1996ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಚಾರ್ಮಾಡಿ ಘಾಟಿ ಹತ್ತುವಾಗ ನೀರು ಕುದಿದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು) ಹೋಯಿತು. ವಿಡಿಯೋ ನೋಡಿಕೊಂಡು ನಾನೇ ಹೆಡ್ ಇಳಿಸಿದೆ. ಪಿಸ್ಟನ್ ಮೇಲಿನ ಕಾರ್ಬನ್ ಎಲ್ಲ ಕೆರೆದು ಕ್ಲೀನ್ ಮಾಡಿ, ಹೆಡ್ ಫೇಸಿಂಗ್ ಮಾಡಿಸಿ (ತಳ ಕೆರೆಸಿ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಟೈಮಿಂಗ್ ಬೆಲ್ಟ್ ಬಿಚ್ಚುವ ಮೊದಲು ಪುಲ್ಲಿಗೂ ಬೆಲ್ಟಿಗೂ ವೈಟ್ನರ್ ಹಚ್ಚಿ ಗುರುತು ಮಾಡಿಕೊಂಡಿದ್ದೆ. ಆದರೂ ಮೊದಲು ಸ್ಟಾರ್ಟೇ ಆಗಲಿಲ್ಲ. ಕಾರ್ಬ್ಯುರೇಟರ್ ಬಾಯಲ್ಲಿ ಟಪ್ ಟಪ್ ಅಂತ ಹೊಡೆಯುತ್ತಿತ್ತು. ಡಿಸ್ಟ್ರಿಬ್ಯೂಟರನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದ ಮೇಲೆ ಸ್ಟಾರ್ಟ್ ಆಯಿತು. ಈಗ ಓಡುತ್ತದೆ, ಆದರೆ ಎರಡನೇ ಗೇರಿನಲ್ಲೂ ಏರು ಎಳೆಯಲ್ಲ, ಬೇಗ ಬಿಸಿಯೂ ಆಗುತ್ತದೆ. ಗ್ಯಾಸ್ಕೆಟ್ ಮತ್ತೆ ಹೋಯಿತಾ?
– ಓದುಗರು, ಬೆಳ್ತಂಗಡಿ

ಉತ್ತರ: ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವ ಮೊದಲು ನೀವೇ ಬರೆದ ಒಂದು ಮಾತನ್ನು ಇನ್ನೊಮ್ಮೆ ಓದಿ. "ಒಂದು ಕಡೆಗೆ ಪೂರ್ತಿ ತಿರುಗಿಸಿದ ಮೇಲೆ." ರೋಗ ಅಲ್ಲೇ ಸಿಕ್ಕಿತು. ಡಿಸ್ಟ್ರಿಬ್ಯೂಟರ್ ತಾನು ತಿರುಗುವಷ್ಟು ಜಾಗದ ನಡುವಿನಲ್ಲೋ, ಅದರ ಆಸುಪಾಸಿನಲ್ಲೋ ನಿಲ್ಲಬೇಕು. ಕೊನೆ ಮುಟ್ಟಿಸಿದರೆ ಮಾತ್ರ ಎಂಜಿನ್ ಓಡುತ್ತದೆ ಎಂದರೆ ಬೆಲ್ಟ್ ಒಂದು ಹಲ್ಲು ಹಾರಿ ಕೂತಿದೆ ಎಂದೇ ನನ್ನ ಲೆಕ್ಕ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಎಂಜಿನ್‌ನಲ್ಲಿ ಎರಡು ಟೈಮಿಂಗ್ ಇವೆ. ಒಂದು ವಾಲ್ವ್ ಟೈಮಿಂಗ್. ಅದನ್ನು ಬೆಲ್ಟ್ ಹಿಡಿದಿಡುತ್ತದೆ. ಇನ್ನೊಂದು ಕರೆಂಟ್ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು. ಅದನ್ನು ಡಿಸ್ಟ್ರಿಬ್ಯೂಟರ್ ನೋಡಿಕೊಳ್ಳುತ್ತದೆ. ಆದರೆ ಈ 796 ಸಿಸಿ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೇ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಯುವ ಮೇಲಿನ ದಂಡ. ಹಾಗಾಗಿ ಬೆಲ್ಟ್ ತಪ್ಪಿ ಕೂತರೆ ವಾಲ್ವ್ ಜೊತೆ ಸ್ಪಾರ್ಕೂ ತಪ್ಪುತ್ತದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಕಡೆಯ ಹಲ್ಲಿನ ಪುಲ್ಲಿಗೆ 20 ಹಲ್ಲು ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 360 ಡಿಗ್ರಿ, ಒಂದು ಹಲ್ಲಿಗೆ 18 ಡಿಗ್ರಿ. ಸ್ಪಾರ್ಕ್ 18 ಡಿಗ್ರಿ ಲೇಟ್ ಆದರೆ ಯಾವ ಎಂಜಿನ್ ಸ್ಟಾರ್ಟ್ ಆಗುತ್ತದೆ ಹೇಳಿ! ನೀವು ಡಿಸ್ಟ್ರಿಬ್ಯೂಟರ್ ತಿರುಗಿಸಿದಿರಿ, ಸ್ಪಾರ್ಕ್ ಸರಿಯಾದ ಜಾಗಕ್ಕೆ ಬಂತು, ಗಾಡಿ ಓಡಿತು. ಆದರೆ ವಾಲ್ವ್‌ಗಳು ಈಗಲೂ 18 ಡಿಗ್ರಿ ಲೇಟಾಗಿಯೇ ಮುಚ್ಚುತ್ತಿವೆ. ಪಿಸ್ಟನ್ ಮೇಲೆ ಬರುವಾಗ ಇನ್ಲೆಟ್ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಒಳಗೆ ಬಂದ ಪೆಟ್ರೋಲ್ ಗಾಳಿ ಕಾರ್ಬ್ಯುರೇಟರ್ ಕಡೆಗೆ ವಾಪಸ್ ಹೋಗುತ್ತದೆ. ಕಂಪ್ರೆಷನ್ ಇಲ್ಲ, ಎಳೆತ ಎಲ್ಲಿಂದ ಬರಬೇಕು?

ಹಲ್ಲು ಯಾವಾಗ ತಪ್ಪಿತು ಎನ್ನುವುದನ್ನೂ ಊಹಿಸಬಹುದು. ಕಾರ್ಬನ್ ಕೆರೆದೆ ಅಂದಿರಲ್ಲ, ಮೂರೂ ಪಿಸ್ಟನ್ ಕೆರೆಯಬೇಕಾದರೆ ಕ್ರ್ಯಾಂಕ್ ತಿರುಗಿಸಲೇಬೇಕು. ಅಲ್ಲಿಗೆ ನಿಮ್ಮ ವೈಟ್ನರ್ ಗುರುತಿನ ಕೆಲಸ ಮುಗಿಯಿತು. ನಾನೂ ಕಲಿಯುವಾಗ ಇದೇ ತಪ್ಪು ಮಾಡಿದ್ದೇನೆ, ಒಂದು ವ್ಯಾನ್ ಮೇಲೆ. ಮಧ್ಯಾಹ್ನದಿಂದ ರಾತ್ರಿವರೆಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದೇ ತಿರುಗಿಸಿದ್ದು. ಮೇಸ್ತ್ರಿ ಬಂದು ಡಿಸ್ಟ್ರಿಬ್ಯೂಟರ್ ಕಡೆ ನೋಡಲೇ ಇಲ್ಲ. "ಬೆಲ್ಟ್ ಕವರ್ ಬಿಚ್ಚು" ಅಂದರು, ಚಹಾ ಕುಡಿಯಲು ಹೋದರು.

ಗ್ಯಾಸ್ಕೆಟ್ಟಾ, ಬೆಲ್ಟಾ ಅಂತ ಖಾತ್ರಿ ಆಗಬೇಕಾದರೆ ಕಂಪ್ರೆಷನ್ ಗೇಜ್ ಹಾಕಿ ನೋಡಿ. ಯಾವುದಾದರೂ ಗ್ಯಾರೇಜಿನಲ್ಲಿ ಹತ್ತು ನಿಮಿಷದ ಕೆಲಸ. ಮೂರೂ ಸಿಲಿಂಡರ್ ಒಂದೇ ಸಮ ಕಡಿಮೆ ತೋರಿಸಿದರೆ ಬೆಲ್ಟ್ ಮೇಲೆ ಅನುಮಾನ. ಒಂದು, ಅಥವಾ ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ.

ಈಗ ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮೂರೂ ಪ್ಲಗ್ ತೆಗೆಯಿರಿ, ಆಗ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ರಾಕರ್ ಕವರ್ ಮತ್ತು ಬೆಲ್ಟ್ ಕವರ್ ತೆಗೆಯಿರಿ. ಕೆಳಗಿನ ಫ್ಯಾನ್ ಬೆಲ್ಟ್ ಪುಲ್ಲಿಯನ್ನೂ ಕಳಚಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಹೊರಗಿನ ಪುಲ್ಲಿಯ ಮೇಲೆ ಏನಾದರೂ ಗೀರು ಕಂಡರೆ ಅದೇ ಮಾರ್ಕ್ ಅಂದುಕೊಳ್ಳುತ್ತಾರೆ. ಬೆಲ್ಟ್ ಮಾರ್ಕ್ ಇರುವುದು ಒಳಗಿನ ಹಲ್ಲಿನ ಪುಲ್ಲಿಯಲ್ಲಿ. ಪಂಚ್ ಹೊಡೆದ ಒಂದು ಸಣ್ಣ ಚುಕ್ಕೆ, ಗ್ರೀಸು ಕೊಳೆ ತುಂಬಿ ಕಾಣಿಸುವುದೇ ಇಲ್ಲ. ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಡಿ. ಆ ಚುಕ್ಕೆ ಆಯಿಲ್ ಪಂಪ್ ಬಾಡಿ ಮೇಲಿನ ಬಾಣದ ಗುರುತಿಗೆ ನೇರ ಬರಬೇಕು. ಹಾಗೆಯೇ ಮೇಲಿನ ಕ್ಯಾಮ್ ಪುಲ್ಲಿಯ ಮಾರ್ಕ್ ಹೆಡ್ ಕಡೆಯ ಗುರುತಿಗೆ ಬರಬೇಕು. ಎರಡೂ ಒಂದೇ ಸಲಕ್ಕೆ ಬರಬೇಕು. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದೇ ಸುತ್ತು ಹೋಗುವುದು. ಅದಕ್ಕೆ ಕೆಳಗಿನ ಮಾರ್ಕ್ ಕೂತು ಮೇಲಿನದು ಎದುರುಗಡೆ ನಿಂತಿದ್ದರೆ ಗಾಬರಿ ಬೇಡ, ಇನ್ನೊಂದು ಸುತ್ತು ತಿರುಗಿಸಿ ನೋಡಿ. ಆಗಲೂ ಒಂದು ಹಲ್ಲಿನಷ್ಟು ಆಚೀಚೆ ಇದ್ದರೆ ಕಳ್ಳ ಸಿಕ್ಕಿಬಿದ್ದ.

ತಿರುಗಿಸುವುದು ಯಾವಾಗಲೂ ಎಂಜಿನ್ ಓಡುವ ದಿಕ್ಕಿಗೇ. ಬೆಲ್ಟ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಗೇರ್ ನ್ಯೂಟ್ರಲ್‌ನಲ್ಲಿರಲಿ.

ಬೆಲ್ಟ್ ಕಳಚಿ ಹೊಸದಾಗಿ ಕೂರಿಸುವ ಮೊದಲು ಒಂದು ಕೆಲಸ ಇದೆ, ವಿಡಿಯೋಗಳಲ್ಲಿ ಇದನ್ನು ಹೇಳುವವರು ಕಡಿಮೆ. ರಾಕರ್ ಆರ್ಮ್‌ಗಳ (ವಾಲ್ವ್‌ಗಳನ್ನು ಒತ್ತುವ ತೋಳುಗಳ) ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲ ಮಾಡಿ. ಇಲ್ಲದಿದ್ದರೆ ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಯಾವುದೋ ಒಂದು ಕಡೆಗೆ ತಳ್ಳುತ್ತಲೇ ಇರುತ್ತವೆ. ನೀವು ಮಾರ್ಕ್ ಹಿಡಿದು ಬೆಲ್ಟ್ ಏರಿಸುತ್ತೀರಿ, ಕೈ ಬಿಟ್ಟ ತಕ್ಷಣ ಕ್ಯಾಮ್ ಟಕ್ ಅಂತ ಸರಿಯುತ್ತದೆ. ಹಲ್ಲು ತಪ್ಪುವುದು ಬಹುಪಾಲು ಆ ಒಂದು ಕ್ಷಣದಲ್ಲಿ. ಟ್ಯಾಪೆಟ್ ಸಡಿಲ ಇದ್ದರೆ ಕ್ಯಾಮ್ ಬೆರಳಲ್ಲೇ ತಿರುಗುತ್ತದೆ, ಇಟ್ಟ ಜಾಗದಲ್ಲೇ ನಿಲ್ಲುತ್ತದೆ.

ಬೆಲ್ಟನ್ನು ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯುವ ರಾಟೆ) ಇಲ್ಲದ ಕಡೆಯಿಂದ ಏರಿಸಿ. ಆ ಬದಿಯಲ್ಲಿ ಚೂರೂ ಜೋಲು ಇರಬಾರದು. ಜೋಲು ಏನಿದ್ದರೂ ಟೆನ್ಷನರ್ ಕಡೆಗೆ ಬರಲಿ, ಅದಕ್ಕೇ ಅಲ್ಲಿ ಸ್ಪ್ರಿಂಗ್ ಇರುವುದು. ಟೆನ್ಷನರ್ ಬೋಲ್ಟ್ ಸಡಿಲ ಇರುವಾಗಲೇ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬೆಲ್ಟ್ ತನ್ನಷ್ಟಕ್ಕೆ ಬಿಗಿಯಾಗುತ್ತದೆ. ಆಮೇಲೆ ಬೋಲ್ಟ್ ಟೈಟ್ ಮಾಡಿ, ಮತ್ತೆ ಎರಡು ಸುತ್ತು ತಿರುಗಿಸಿ ಎರಡೂ ಮಾರ್ಕ್ ನೋಡಿ. ಕೂತಿದ್ದರೆ ಮುಗಿಯಿತು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದು ನಿಂತರೆ ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆಯಬೇಡಿ. ನಿಲ್ಲಿಸಿ, ಯಾಕೆ ತಡೆಯಿತು ನೋಡಿ. ಅಂದ ಹಾಗೆ, ಎರಡು ಸುತ್ತಿನ ನಂತರ ಬೆಲ್ಟ್ ಮೇಲಿನ ವೈಟ್ನರ್ ಗುರುತು ಬೇರೆಲ್ಲೋ ಹೋಗಿರುತ್ತದೆ. ಅದು ತಪ್ಪಲ್ಲ. ಪುಲ್ಲಿಯ ಮಾರ್ಕ್ ಮಾತ್ರ ನಂಬಿ.

ಇಷ್ಟಾದ ಮೇಲೆ ಟ್ಯಾಪೆಟ್ ಸೆಟ್ ಮಾಡಿ. ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ತಗಡುಗಳು) ಬೇಕೇ ಬೇಕು. ರಾಕರಿಗೂ ವಾಲ್ವಿಗೂ ಎಷ್ಟು ಗ್ಯಾಪ್ ಎನ್ನುವುದನ್ನು ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ ಹಾಕಿ. ತಣ್ಣಗಿರುವಾಗಿನ ಅಳತೆ ಬೇರೆ, ಬಿಸಿ ಇರುವಾಗಿನ ಅಳತೆ ಬೇರೆ.

ಇನ್ನು ಕರೆಂಟ್ ಟೈಮಿಂಗ್. ಬೆಲ್ಟ್ ಮಾರ್ಕ್ ಕೂತಿದೆ, ಹಾಗಾದರೆ 1ನೇ ಸಿಲಿಂಡರ್ ಫೈರ್ ಆಗುವ ಜಾಗದಲ್ಲಿದೆ ಅಂತ ನೇರ ತೀರ್ಮಾನಕ್ಕೆ ಬರಬೇಡಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಮಾರ್ಕ್ ಕೂತಾಗ 1ನೇ ಪಿಸ್ಟನ್ ಹೊಗೆ ಹೊರಹಾಕಿ ಮೇಲೆ ಬಂದಿರುತ್ತದೆ, ಕಂಪ್ರೆಷನ್‌ನಲ್ಲಿ ಅಲ್ಲ. ಬೆಲ್ಟ್ ಕಡೆಯದೇ 1ನೇ ಸಿಲಿಂಡರ್. ಅದರ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಗೆ ಕ್ರ್ಯಾಂಕ್ ನಿಧಾನ ತಿರುಗಿಸಲು ಹೇಳಿ. ಒಂದು ಸುತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಸುತ್ತಿನಲ್ಲಿ ಗಾಳಿ ಬೆರಳನ್ನು ಪುಸ್ ಅಂತ ಎತ್ತುತ್ತದೆ. ಅದೇ ಕಂಪ್ರೆಷನ್. ಆಗ ಆ ಸಿಲಿಂಡರಿನ ಎರಡೂ ರಾಕರ್ ಸ್ವಲ್ಪ ಅಲುಗಾಡುತ್ತವೆ. ಪಿಸ್ಟನ್ ಮೇಲೆ ಬಂತಾ ನೋಡಲು ತೂತಿನಲ್ಲಿ ಸ್ಕ್ರೂಡ್ರೈವರ್ ಇಡುವ ಚಟ ಕೆಲವರಿಗೆ. ಅದು ಓರೆಯಾಗಿ ಸಿಕ್ಕಿಕೊಂಡರೆ ಪಿಸ್ಟನ್ನೂ ಹೋಯಿತು, ಥ್ರೆಡ್ಡೂ ಹೋಯಿತು. ಎಳನೀರು ಕುಡಿಯುವ ಸ್ಟ್ರಾ ಸಾಕು.

ಆ ಜಾಗದಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್, ಅದರ ಕ್ಯಾಪ್‌ನ 1ನೇ ವಯರಿನ ಕಡೆ ಮುಖ ಮಾಡಿರಬೇಕು. ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದಿದ್ದರೆ ಒಂದು ವಿಷಯ ನೆನಪಿಡಿ. ಗೇರಿನ ಹಲ್ಲು ಓರೆ ಇರುವುದರಿಂದ ಒಳಗೆ ಇಳಿಯುವಾಗ ರೋಟರ್ ಸ್ವಲ್ಪ ತಿರುಗಿ ಕೂರುತ್ತದೆ. ಅಷ್ಟು ಹಿಂದೆ ಹಿಡಿದು ಇಳಿಸಬೇಕು. ಎರಡು ಮೂರು ಸಲ ಮಾಡಿದರೆ ಕೈಗೆ ಹತ್ತುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಸ್ಪಾರ್ಕ್ ಬೀಳುವ ಕ್ರಮ, 1-3-2. ರೋಟರ್ ತಿರುಗುವ ದಿಕ್ಕಿನಲ್ಲಿ ಈ ಕ್ರಮಕ್ಕೇ ವಯರ್ ಹಾಕಿ. ನಾಲ್ಕು ಸಿಲಿಂಡರ್ ಎಂಜಿನ್ ಆದರೆ ಡಿಸ್ಟ್ರಿಬ್ಯೂಟರ್ ಉಲ್ಟಾ ಕೂತಾಗ ವಯರ್ ಅದಲು ಬದಲು ಮಾಡಿ ಓಡಿಸಿಬಿಡುತ್ತಾರೆ. ಮೂರು ಸಿಲಿಂಡರಿನಲ್ಲಿ ಆ ಆಟ ನಡೆಯಲ್ಲ. ಕ್ಯಾಪಿನಲ್ಲಿ ವಯರಿನಿಂದ ವಯರಿಗೆ 120 ಡಿಗ್ರಿ. ರೋಟರ್ ಅರ್ಧ ಸುತ್ತು ತಪ್ಪಿದರೆ ಎರಡು ವಯರುಗಳ ನಟ್ಟನಡುವೆ ನಿಲ್ಲುತ್ತದೆ. ಸುಮ್ನೆ ಬಿಚ್ಚಿ ಸರಿಯಾಗಿ ಹಾಕುವುದೇ ದಾರಿ.

ಕೊನೆಗೆ ಟೈಮಿಂಗ್ ಲೈಟ್. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ಗೆ ಬಂದ ಮೇಲೆ, ಕ್ಲಿಪ್ಪನ್ನು 1ನೇ ಪ್ಲಗ್ ವಯರಿಗೆ ಸಿಕ್ಕಿಸಿ. ಕ್ಲಚ್ ಹೌಸಿಂಗ್ ಮೇಲಿನ ಸಣ್ಣ ರಬ್ಬರ್ ಮುಚ್ಚಳ ತೆಗೆದರೆ ಫ್ಲೈವೀಲಿನ ಗುರುತು ಕಾಣುತ್ತದೆ. ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ಬರುವಂತೆ ಡಿಸ್ಟ್ರಿಬ್ಯೂಟರನ್ನು ಚೂರು ಚೂರೇ ತಿರುಗಿಸಿ. ರೋಟರ್ ತಿರುಗುವ ಎದುರು ದಿಕ್ಕಿಗೆ ತಿರುಗಿಸಿದರೆ ಅಡ್ವಾನ್ಸ್ (ಸ್ಪಾರ್ಕ್ ಬೇಗ), ಅದೇ ದಿಕ್ಕಿಗಾದರೆ ರಿಟಾರ್ಡ್ (ಸ್ಪಾರ್ಕ್ ಲೇಟ್). ಕಿವಿಯಲ್ಲೇ ಟೈಮಿಂಗ್ ಹಿಡಿಯುತ್ತೇನೆ ಎನ್ನುವ ಹಳೆ ಮೆಕ್ಯಾನಿಕ್‌ಗಳಿದ್ದಾರೆ, ಹಿಡಿಯುತ್ತಾರೆ ಕೂಡ. ಮೊದಲ ಸಲ ಹೆಡ್ ಇಳಿಸಿದವರು ಆ ಸಾಹಸಕ್ಕೆ ಹೋಗಬೇಡಿ. ಐಡ್ಲಿಂಗ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಘಾಟಿಯಲ್ಲಿ ಟಣಟಣ ಅಂತ ನಾಕಿಂಗ್ ಹೊಡೆಯಬಹುದು.

ಫೇಸಿಂಗ್ ಮಾಡಿಸಿದ್ದರಿಂದ ಟೈಮಿಂಗ್ ತಪ್ಪಿತಾ ಅಂತ ನಿಮಗೆ ಅನುಮಾನ ಬರಬಹುದು. ಹೆಡ್ ಕೆಳಗಿಳಿದರೆ ಕ್ಯಾಮ್ ಸ್ವಲ್ಪ ಲೇಟ್ ಆಗುವುದು ನಿಜ. ಆದರೆ 0.2 ಮಿ.ಮೀ. ತೆಗೆದಿದ್ದರೆ, 100 ಮಿ.ಮೀ. ಅಗಲದ ಪುಲ್ಲಿಯಲ್ಲಿ ಅದು ಕಾಲು ಡಿಗ್ರಿಗೂ ಕಡಿಮೆ. ಕ್ರ್ಯಾಂಕ್ ಲೆಕ್ಕದಲ್ಲಿ ಅರ್ಧ ಡಿಗ್ರಿಯೂ ಆಗಲ್ಲ. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ.

ಬಿಸಿಯಾಗುವುದು ಟೈಮಿಂಗ್ ಸರಿಯಾದ ಮೇಲೂ ನಿಲ್ಲದಿದ್ದರೆ, ಮೊದಲ ಸಲ ನೀರು ಕುದಿದದ್ದು ಯಾಕೆ ಎನ್ನುವ ಪ್ರಶ್ನೆಗೆ ವಾಪಸ್ ಹೋಗಿ. ರೇಡಿಯೇಟರ್ ಫ್ಯಾನ್ ಓಡುತ್ತದಾ, ಥರ್ಮೋಸ್ಟಾಟ್ ತೆರೆಯುತ್ತದಾ, ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಉಳಿಯಿತಾ, ಎಲ್ಲ ನೋಡಿ. ಕಾರಣ ಹಾಗೇ ಇದ್ದರೆ ಈ ಗ್ಯಾಸ್ಕೆಟ್ಟೂ ಹಳೆಯದರ ದಾರಿ ಹಿಡಿಯುತ್ತದೆ.

ಪ್ರಶ್ನೆ: ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲವಲ್ಲ, ಹೆಡ್ ಇಳಿಸಿದರೆ ಟೈಮಿಂಗ್ ಸೆಟ್ ಮಾಡುವುದು ಏನಿದೆ?
– ಓದುಗರು, ಬೆಂಗಳೂರು

ಉತ್ತರ: ಸ್ಪಾರ್ಕ್ ಯಾವಾಗ ಬೀಳಬೇಕು ಎನ್ನುವುದನ್ನು ಇಸಿಯು (ಎಂಜಿನ್ ಕಂಪ್ಯೂಟರ್) ನೋಡಿಕೊಳ್ಳುತ್ತದೆ, ನಿಮಗೆ ತಿರುಗಿಸಲು ಏನೂ ಇಲ್ಲ. ಬೆಲ್ಟ್ ಅಥವಾ ಚೈನಿನ ಮಾರ್ಕ್ ಮಾತ್ರ ಆಗಲೂ ನಿಮ್ಮದೇ ಕೆಲಸ. ಅದು ತಪ್ಪಿದರೆ ಚೆಕ್ ಎಂಜಿನ್ ದೀಪ ಹತ್ತಬಹುದು. ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರ್ ಹೇಳುವುದಕ್ಕೂ ಕ್ಯಾಮ್ ಸೆನ್ಸರ್ ಹೇಳುವುದಕ್ಕೂ ತಾಳೆ ಇಲ್ಲ ಎಂದರ್ಥ. ಹೆಡ್ ಕೂರಿಸಿದ ಮಾರನೇ ದಿನ ಆ ಕೋಡ್ ಬಂದಿದ್ದರೆ ಸೆನ್ಸರ್ ಬದಲಿಸಿ ದುಡ್ಡು ಕಳೆಯುವ ಮೊದಲು ಮಾರ್ಕ್ ನೋಡಿ.

ಪ್ರಶ್ನೆ: ನಮ್ಮ ತಂದೆಯವರ ಅಂಬಾಸಿಡರ್ ಇದೆ, ಹಳೆಯ 1489 ಸಿಸಿ ಪೆಟ್ರೋಲ್. ಹೆಡ್ ಗ್ಯಾಸ್ಕೆಟ್ ಹಾಕಿದ ಮೇಲೆ ಟೈಮಿಂಗ್ ಹೊಸದಾಗಿ ಹಿಡಿಯಬೇಕಾ?
– ಓದುಗರು, ಹಾಸನ

ಉತ್ತರ: ಇಲ್ಲ. ನೀವು ಪುಣ್ಯವಂತರು. ಆ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಹೆಡ್‌ನಲ್ಲಲ್ಲ, ಕೆಳಗೆ ಬ್ಲಾಕ್‌ನಲ್ಲಿ. ಟೈಮಿಂಗ್ ಚೈನೂ ಡಿಸ್ಟ್ರಿಬ್ಯೂಟರೂ ಬ್ಲಾಕ್‌ನಲ್ಲೇ. ಹೆಡ್ ಎತ್ತಿದರೂ ಅವು ಯಾವುವೂ ಕದಲುವುದಿಲ್ಲ. ನೀವು ಮಾಡಬೇಕಾದ್ದು ಟ್ಯಾಪೆಟ್ ಸೆಟ್ಟಿಂಗ್. ಅದಕ್ಕೆ ಒಂಬತ್ತರ ಲೆಕ್ಕ ಅಂತ ಇದೆ. 1ನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿದ್ದಾಗ 8ನೆಯದನ್ನು ಸೆಟ್ ಮಾಡಿ, 2 ಒತ್ತಿದ್ದಾಗ 7, 3 ಒತ್ತಿದ್ದಾಗ 6, ಹೀಗೆ ಎರಡೂ ಸೇರಿ 9 ಆಗಬೇಕು.

ಒಂದೇ ಎಚ್ಚರಿಕೆ. ಪುಶ್‌ರಾಡ್‌ಗಳನ್ನು (ಕ್ಯಾಮ್‌ನಿಂದ ಮೇಲಿನ ರಾಕರ್‌ಗಳಿಗೆ ಹೋಗುವ ಕಡ್ಡಿಗಳನ್ನು) ಮೇಲೆತ್ತುವಾಗ ಪ್ರತಿಯೊಂದನ್ನೂ ಸ್ವಲ್ಪ ತಿರುಗಿಸಿ ಎತ್ತಿ. ಎಣ್ಣೆಯ ಅಂಟಿಗೆ ಕೆಳಗಿನ ಟ್ಯಾಪೆಟ್ ಬಟ್ಟಲೂ ಜೊತೆಗೇ ಎದ್ದು ಬಂದು ಆಚೆ ಬೀಳಬಹುದು. ರಟ್ಟಿನ ಡಬ್ಬಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಬಂದ ಕ್ರಮದಲ್ಲೇ ಚುಚ್ಚಿಡಿ. ತೆಗೆದ ಜಾಗಕ್ಕೇ ಪ್ರತಿಯೊಂದೂ ವಾಪಸ್ ಹೋಗಬೇಕು.