ಕ್ಷಮೆ ಬೇರೆ, ದೋಷಮುಕ್ತಿ ಬೇರೆ

(ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಫ್ರೆಂಚ್ ಪಾಲಿನೇಷ್ಯಾದ ರಾಜಕಾರಣಿ ಪುವಾನಾ ಆ ಓಪಾ ಅವರನ್ನು ಕುರಿತು ಬಂದ ಲೇಖನದಲ್ಲಿ ಅವರನ್ನು ‘ನಿರ್ದೋಷಿ’ ಎಂದು ಕರೆಯಲಾಗಿದೆ. ಅದೇ ಪುಟದ ಚಿತ್ರದ ಅಡಿಬರಹದಲ್ಲಿ ‘1968ರಲ್ಲಿ ಕ್ಷಮಾದಾನ ಪಡೆದು ದೋಷಮುಕ್ತರಾದರು’ ಎಂದಿದೆ. ಕ್ಷಮೆ ಪಡೆದವನು ಅಪರಾಧಿಯೆಂದೇ ಅರ್ಥವಲ್ಲವೇ? ಅಲ್ಲದೆ, ಫ್ರಾನ್ಸಿನಿಂದ ಬೇರೆಯಾಗಬೇಕೆಂದವರು ಒಂಬತ್ತು ವರ್ಷ ಪ್ಯಾರಿಸ್ಸಿನ ಸಂಸತ್ತಿನಲ್ಲಿ ಕುಳಿತದ್ದನ್ನು ಏನೆನ್ನಬೇಕು? — ಓದುಗರೊಬ್ಬರು, ಧಾರವಾಡ)

ಮಾನ್ಯರೇ,

ತಮ್ಮ ಮೊದಲ ಆಕ್ಷೇಪಣೆ ಸರಿಯಾಗಿದೆ. ಆ ಅಡಿಬರಹ ಲೇಖಕರದಲ್ಲ, ನಮ್ಮ ಸಂಪಾದಕೀಯ ಬಳಗದ್ದು. ಐವತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಸಂಗತಿಗಳನ್ನು ಅದು ಒಂದೇ ಸಾಲಿನಲ್ಲಿ ಕಲಸಿಬಿಟ್ಟಿದೆ. ಆದರೆ ತಾವು ಅದರಿಂದ ಎಳೆದಿರುವ ತೀರ್ಮಾನವನ್ನು ಒಪ್ಪಲಾಗದು. ಅದಕ್ಕೆ ಕಾರಣ ತಿಳಿಯಲು ಆ ಮನುಷ್ಯನ ಬದುಕನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಪುವಾನಾ ಹುಟ್ಟಿದ್ದು 1895ರಲ್ಲಿ, ಪೆಸಿಫಿಕ್ ಸಾಗರದ ಆ ದ್ವೀಪಸಮೂಹದ ಮುಖ್ಯ ದ್ವೀಪವಾದ ತಹಿತಿಗೆ ವಾಯವ್ಯದಲ್ಲಿರುವ ಹುವಾಹಿನೆ ದ್ವೀಪದಲ್ಲಿ. ಕಸುಬಿನಿಂದ ಬಡಗಿ. ಮೊದಲ ಮಹಾಯುದ್ಧದಲ್ಲಿ ಸ್ವಇಚ್ಛೆಯಿಂದ ಸೈನ್ಯಕ್ಕೆ ಸೇರಿ ಫ್ರಾನ್ಸಿನ ಪರವಾಗಿ ಹೋರಾಡಿದವರು. 1940ರಲ್ಲಿ ತಹಿತಿ, ಜರ್ಮನಿಗೆ ಶರಣಾಗಲೊಪ್ಪದ ಫ್ರೆಂಚ್ ಸೇನಾನಿ ದ ಗಾಲ್ ಅವರ ‘ಸ್ವತಂತ್ರ ಫ್ರಾನ್ಸ್’ ಪಕ್ಷ ಹಿಡಿದಾಗ ಅದನ್ನು ಬೆಂಬಲಿಸಿದವರು. ಅದೇ ಯುದ್ಧಕಾಲದಲ್ಲಿ ಸ್ಥಳೀಯ ಆಡಳಿತದ ಲೋಪಗಳನ್ನು ಬಹಿರಂಗವಾಗಿ ಟೀಕಿಸಿದ್ದಕ್ಕೆ ಆಡಳಿತ ಅವರನ್ನು ಹುವಾಹಿನೆ ಬಿಟ್ಟು ಕದಲದಂತೆ ನಿರ್ಬಂಧಿಸಿತು. 1947ರಲ್ಲಿ ‘ವಿಲ್ ದಾಮಿಯಾ’ ಎಂಬ ಹಡಗಿನಲ್ಲಿ ಕೆಲವು ಫ್ರೆಂಚ್ ಅಧಿಕಾರಿಗಳು ಬಂದಾಗ, ಈ ಹುದ್ದೆಗಳನ್ನು ನಮ್ಮವರೇ ನಿಭಾಯಿಸಬಲ್ಲರು ಎಂದು ಬಂದರಿನಲ್ಲಿ ಪ್ರತಿಭಟಿಸಿದವರ ಜೊತೆ ಅವರನ್ನೂ ಬಂಧಿಸಿದರು. ತಿಂಗಳುಗಟ್ಟಲೆ ಸೆರೆಯಲ್ಲಿಟ್ಟ ಮೇಲೆ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಎರಡು ವರ್ಷಗಳೊಳಗೆ, 1949ರಲ್ಲಿ, ಆ ದ್ವೀಪಗಳ ಜನ ಅವರನ್ನೇ ಪ್ಯಾರಿಸ್ಸಿನ ರಾಷ್ಟ್ರೀಯ ಸಭೆಗೆ ಆರಿಸಿ ಕಳುಹಿಸಿದರು. 1951ರಲ್ಲಿಯೂ 1956ರಲ್ಲಿಯೂ ಮತ್ತೆ ಗೆದ್ದರು. ಜನ ಅವರನ್ನು ಕರೆಯುತ್ತಿದ್ದದ್ದು ‘ಮೆತುವಾ’ ಎಂದು. ತಹಿತಿ ಭಾಷೆಯಲ್ಲಿ ಹಾಗೆಂದರೆ ತಂದೆ.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅವರು ಮೊದಲಿನಿಂದಲೂ ಸ್ವಾತಂತ್ರ್ಯವನ್ನೇ ಕೇಳಿದವರಲ್ಲ. ದ್ವೀಪವಾಸಿಗಳೆಲ್ಲರಿಗೂ ಫ್ರೆಂಚ್ ಪೌರತ್ವ ದೊರೆತದ್ದು 1945ರಲ್ಲಿ. ಆ ಪೌರತ್ವಕ್ಕೆ ತಕ್ಕ ಹುದ್ದೆ, ಹಕ್ಕು, ಅಧಿಕಾರ ಎಲ್ಲಿ ಎಂಬುದು ಅವರ ಪ್ರಶ್ನೆಯಾಗಿತ್ತು, ಅದನ್ನು ಕೇಳಬೇಕಾದ ಸ್ಥಳ ಪ್ಯಾರಿಸ್ಸೇ ಆಗಿತ್ತು. (ಆ ದಿನಗಳಲ್ಲಿ ನಮ್ಮ ಪುದುಚೇರಿಯಿಂದಲೂ ಒಬ್ಬ ಪ್ರತಿನಿಧಿ ಅದೇ ಸಭೆಗೆ ಹೋಗುತ್ತಿದ್ದರೆಂಬುದು ಇಂದು ಹಲವರಿಗೆ ಮರೆತಿದೆ.) ಅಧಿಕಾರ ಕೈಗೆ ಬಂದಾಗ ಅವರು ಅದನ್ನು ಜಾಣತನದಿಂದ ನಡೆಸಿದರೆಂದು ನಾನು ಹೇಳಲಾರೆ. 1957ರ ಕೊನೆಯಲ್ಲಿ ಸ್ಥಳೀಯ ಸರ್ಕಾರಿ ಮಂಡಳಿಯ ಉಪಾಧ್ಯಕ್ಷರಾದ ಅವರ ಪಕ್ಷ ಮರುವರ್ಷ ಆದಾಯ ತೆರಿಗೆ ತರಲು ಹೋಯಿತು. ವ್ಯಾಪಾರಿಗಳ ಸಿಟ್ಟು ಬೀದಿಗಿಳಿದು, ಶಾಸನಸಭೆಯ ಮೇಲೆ ಕಲ್ಲು ಬಿದ್ದು, ತೆರಿಗೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಬೈಬಲ್ಲಿನ ಮಾತುಗಳನ್ನು ಬೆರೆಸಿ ತಹಿತಿ ಭಾಷೆಯಲ್ಲಿ ಜನರ ಮನಸ್ಸು ಮುಟ್ಟುವುದು ಅವರಿಗೆ ಒಲಿದಿದ್ದಷ್ಟು ಕಡತ ಒಲಿಯಲಿಲ್ಲ.

ಆ ಹೊತ್ತಿಗೆ ದ ಗಾಲ್ ಮತ್ತೆ ಅಧಿಕಾರಕ್ಕೆ ಬಂದು, 1958ರ ಸೆಪ್ಟೆಂಬರ್ 28ರಂದು ಹೊಸ ಸಂವಿಧಾನದ ಮೇಲೆ ಜನಮತ ಕೇಳಿದರು. ಸಾಗರದಾಚೆಯ ಪ್ರದೇಶಗಳಲ್ಲಿ ‘ಬೇಡ’ ಎಂದರೆ ಕೂಡಲೇ ಸ್ವಾತಂತ್ರ್ಯ, ಜೊತೆಗೆ ಫ್ರಾನ್ಸಿನ ನೆರವು ಅಲ್ಲಿಗೇ ಕಡಿತ. ಪುವಾನಾ ‘ಬೇಡ’ದ ಪರ ನಿಂತರು, ಸ್ವಂತ ಪಕ್ಷವೇ ಒಡೆಯಿತು, ಶೇಕಡಾ 64ರಷ್ಟು ಮತ ‘ಬೇಕು’ ಎಂದು ಬಿತ್ತು. ಅಲ್ಲಿಗೆ ಅವರು ಸೋತ ನಾಯಕರಾಗಿದ್ದರು, ಅಷ್ಟೆ. ಆದರೆ ಎರಡು ವಾರ ಕಳೆಯುವುದರೊಳಗೆ, ಅಕ್ಟೋಬರ್ 11ರಂದು, ರಾಜಧಾನಿ ಪಪೇಎತೆಗೆ ಬೆಂಕಿ ಹಚ್ಚಲು ಆದೇಶ ಕೊಟ್ಟರೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಪಟ್ಟಣ ಸುಡಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಮರುವರ್ಷ, 64ರ ಆ ವೃದ್ಧರಿಗೆ ಎಂಟು ವರ್ಷ ಸೆರೆವಾಸ ಮತ್ತು ಹದಿನೈದು ವರ್ಷ ದ್ವೀಪಗಳಿಗೆ ಕಾಲಿಡದಂತೆ ನಿಷೇಧ ಎಂಬ ಶಿಕ್ಷೆಯಾಗಿ, ಅವರನ್ನು ಫ್ರಾನ್ಸಿಗೆ ಸಾಗಿಸಿದರು.

ತೀರ್ಪನ್ನು ಅಲ್ಲಿನ ಜನ ಹೇಗೆ ಸ್ವೀಕರಿಸಿದರೆಂಬುದಕ್ಕೆ 1960ರ ಚುನಾವಣೆ ಸಾಕ್ಷಿ: ಅವರು ತಂದೆಯ ಸ್ಥಾನಕ್ಕೆ ಮಗ ಮಾರ್ಸೆಲ್‌ನನ್ನು ಆರಿಸಿದರು. ಮಗ ಮರುವರ್ಷವೇ ತೀರಿಕೊಂಡರು, ತಂದೆ ಇನ್ನೂ ಗಡೀಪಾರಿನಲ್ಲಿದ್ದರು. 1963ರಲ್ಲಿ ಅವರ ಪಕ್ಷವನ್ನು ಸರ್ಕಾರ ವಿಸರ್ಜಿಸಿತು, 1966ರಲ್ಲಿ ಅದೇ ದ್ವೀಪಸಮೂಹದ ಮೊರುರೊವಾದಲ್ಲಿ ಫ್ರಾನ್ಸ್ ಪರೀಕ್ಷೆಗೆಂದು ಅಲ್ಲಿ ತಂದ ಮೊದಲ ಪರಮಾಣು ಬಾಂಬು ಸಿಡಿಯಿತು. ಈ ಪರೀಕ್ಷೆಗಳಿಗೆ ದಾರಿ ಮಾಡಿಕೊಡಲೆಂದೇ ಅವರನ್ನು ಹಿಡಿದರೆಂದು ಹಲವರು ಬರೆಯುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಏಕೆಂದರೆ 1958ರಲ್ಲಿ ಫ್ರಾನ್ಸ್ ತನ್ನ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದದ್ದು ಅಲ್ಜೀರಿಯಾದ ಮರುಭೂಮಿಯನ್ನು. ಆದರೆ ಬಾಂಬು ಪೆಸಿಫಿಕ್‌ಗೆ ಬಂದಾಗ ಅದನ್ನು ಎದುರಿಸಿ ಜನರನ್ನು ಒಟ್ಟುಗೂಡಿಸಬಲ್ಲ ಒಂದು ದನಿ ಹದಿನಾರು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿತ್ತು ಎಂಬುದಂತೂ ನಿಜ.

1968ರಲ್ಲಿ ದ ಗಾಲ್ ಕೊಟ್ಟದ್ದು ಕ್ಷಮೆ. ತಾವು ಹೇಳುವಂತೆ, ಕ್ಷಮೆ ಶಿಕ್ಷೆಯನ್ನು ಮಾತ್ರ ತೆಗೆಯುತ್ತದೆ, ತೀರ್ಪು ಹಾಗೆಯೇ ನಿಲ್ಲುತ್ತದೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ತಹಿತಿಗೆ ಮರಳಿದ ಪುವಾನಾ ಕಾನೂನಿನ ಕಣ್ಣಿನಲ್ಲಿ ಇನ್ನೂ ಅಪರಾಧಿಯೇ ಆಗಿದ್ದರು. ಜನ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. 1971ರಲ್ಲಿ ಅವರು ಫ್ರಾನ್ಸಿನ ಸೆನೆಟ್ ಸದಸ್ಯರಾದರು. ತೀರ್ಪಿನ ಮರುವಿಚಾರಣೆಯಾಗಬೇಕೆಂಬ ಬೇಡಿಕೆ ಈಡೇರದೆಯೇ, ಸೆನೆಟರ್ ಆಗಿರುವಾಗಲೇ, 1977ರ ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಫ್ರಾನ್ಸಿನ ಕಾನೂನು ಮಂತ್ರಿ ಕ್ರಿಸ್ತಿಯಾನ್ ತೋಬಿರಾ ಮೊಕದ್ದಮೆಯನ್ನು ಮರುಪರಿಶೀಲನೆಗೆ ಒಪ್ಪಿಸಿದರು. 2018ರ ಅಕ್ಟೋಬರ್ 25ರಂದು ಮರುಪರಿಶೀಲನಾ ನ್ಯಾಯಾಲಯ 1959ರ ಶಿಕ್ಷೆಯನ್ನು ರದ್ದುಪಡಿಸಿ, ಮೃತರ ಸ್ಮೃತಿಯ ಮೇಲಿದ್ದ ಭಾರವನ್ನು ಇಳಿಸಿತು. ಅಂಥ ಪ್ರಕರಣಗಳಲ್ಲಿ ಫ್ರೆಂಚ್ ಕಾನೂನು ಬಳಸುವ ಮಾತೇ ಅದು. ಲೇಖಕರು ‘ನಿರ್ದೋಷಿ’ ಎಂದದ್ದು ಈ ತೀರ್ಪನ್ನು ಆಧರಿಸಿ. ಆ ಪದವನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ.

ಅಡಿಬರಹವನ್ನು ಮಾತ್ರ ಓದುಗರು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ: ‘ಪುವಾನಾ ಆ ಓಪಾ: 1968ರಲ್ಲಿ ಕ್ಷಮಾದಾನ, 2018ರಲ್ಲಿ, ನಿಧನರಾದ 41 ವರ್ಷಗಳ ಮೇಲೆ, ದೋಷಮುಕ್ತಿ.’

— ಸಂಪಾದಕ