ಮಲೇಷ್ಯಾದಿಂದ ಬರುವ ಗ್ರಾಫೈಟ್ ಪೌಡರ್‌ಗೆ ಮೂಲ ದೇಶ ಯಾವುದು? ಫಾರ್ಮ್ ಎಐ ಇದ್ದರೆ ಸಾಕಾ?

ಸಾಕಾಗುವುದಿಲ್ಲ. ಫಾರ್ಮ್ ಎಐ ಅಂದ್ರೆ ಮಾಲು ಆಸಿಯಾನ್ ದೇಶದ್ದು ಅಂತ ಅಲ್ಲಿನ ಸರ್ಕಾರ ಕೊಡುವ ಸರ್ಟಿಫಿಕೇಟ್. ಬ್ಯಾಟರಿ ಸೆಲ್‌ನ ಆನೋಡ್‌ಗೆ (ಋಣ ಧ್ರುವಕ್ಕೆ) ಬಳಸುವ ಈ ಗ್ರಾಫೈಟ್ ಪೌಡರ್ ಅನ್ನು ಚೀನಾದಿಂದ ನೇರ ತರಿಸಬೇಕಾ, ಮಲೇಷ್ಯಾದ ಸಪ್ಲೈಯರ್‌ನಿಂದ ಆಸಿಯಾನ್ ಒಪ್ಪಂದದ (ಭಾರತ ಮತ್ತು ಆಗ್ನೇಯ ಏಷ್ಯಾ ದೇಶಗಳ ವ್ಯಾಪಾರ ಒಪ್ಪಂದ) ಡ್ಯೂಟಿ ರಿಯಾಯಿತಿಯಲ್ಲಿ ತರಿಸಬೇಕಾ ಅಂತ ಕೇಳಿದ್ದೀರಿ. "ಸರ್ಟಿಫಿಕೇಟ್ ಇದೆಯಲ್ಲ, ಮುಗೀತು" ಅಂತ ನಿಮ್ಮ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಹೇಳಿದ್ದಾರೆ ಅಂತಲೂ ಬರೆದಿದ್ದೀರಿ. ನಮಗೂ ಇದೇ ಮಾತು ಹೇಳಿದ್ದರು. ನಾವು ನಂಬಿದೆವು.

ಆಗ ನಾನು ಬೆಂಗಳೂರಿನ ಒಂದು ಸಣ್ಣ ಬ್ಯಾಟರಿ ಸೆಲ್ ಕಂಪನಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಿದ್ದೆ. ಮಾಲು ಚೆನ್ನೈ ಬಂದರಿಗೆ ಬರುತ್ತಿತ್ತು. ಕೃತಕ ಗ್ರಾಫೈಟ್, ಎಚ್‌ಎಸ್ ಕೋಡ್ (ವಸ್ತುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) 3801 10. ಸಪ್ಲೈಯರ್ ಮಲೇಷ್ಯಾದವನು, ಇನ್‌ವಾಯ್ಸ್ ಮಲೇಷ್ಯಾದ್ದು, ಹಡಗು ಹೊರಟಿದ್ದೂ ಅಲ್ಲಿಂದಲೇ. ಜೊತೆಗೆ ಅಲ್ಲಿನ ಸರ್ಕಾರ ಕೊಟ್ಟ ಫಾರ್ಮ್ ಎಐ. ಹಲವು ಕನ್‌ಸೈನ್‌ಮೆಂಟ್ ಹೀಗೆಯೇ ಕ್ಲಿಯರ್ ಆದವು. ಆಮೇಲೆ ಒಂದು ಸಲ ಕಸ್ಟಮ್ಸ್ ಅಧಿಕಾರಿಯೊಬ್ಬರು ಪೌಡರಿನ ಟೆಸ್ಟ್ ರಿಪೋರ್ಟ್ ಓದಿದರು. ಅದರಲ್ಲಿ ತಯಾರಾದ ಜಾಗ ಅಂತ ಚೀನಾದ ಒಂದು ವಿಳಾಸ ಇತ್ತು. "ಹಾಗಾದ್ರೆ ಮಲೇಷ್ಯಾದಲ್ಲಿ ಏನು ಮಾಡಿದ್ರು?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಅನ್ನುವ ಸೆಕ್ಷನ್ ಸೇರಿತು. ಅದೇ ವರ್ಷ ಸೆಪ್ಟೆಂಬರ್ 21ರಿಂದ ವ್ಯಾಪಾರ ಒಪ್ಪಂದದ ರಿಯಾಯಿತಿಗೆ ಮೂಲ ದೇಶ ಪರಿಶೀಲಿಸುವ ಕ್ಯಾರೋಟಾರ್ ನಿಯಮಗಳು ಜಾರಿಗೆ ಬಂದವು. ಅವತ್ತಿನಿಂದ ರಿಯಾಯಿತಿ ಕೇಳುವ ಆಮದುದಾರನೇ ಮೂಲದ ವಿವರ ಕೈಯಲ್ಲಿ ಇಟ್ಟುಕೊಂಡಿರಬೇಕು. ಫಾರ್ಮ್ 1ರಲ್ಲಿ ಅದನ್ನೆಲ್ಲ ತುಂಬಿ, 5 ವರ್ಷ ಜೋಪಾನ ಮಾಡಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನದೊಳಗೆ ಕೊಡಬೇಕು. ಸರ್ಟಿಫಿಕೇಟ್ ಇದೆ ಅನ್ನುವ ಕಾರಣಕ್ಕೆ ಈ ಜವಾಬ್ದಾರಿ ತಪ್ಪುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ.

ನಾವೂ ಫಾರ್ಮ್ 1 ತುಂಬಿದ್ದೆವು. ತಪ್ಪಾಗಿದ್ದು ಅಲ್ಲಿಯೇ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಆಫೀಸಿನಲ್ಲೂ ಹೀಗೇ ಆಗುವ ಸಾಧ್ಯತೆ ಜಾಸ್ತಿ. ಮೂಲದ ಮಾನದಂಡ ಕೇಳುವ ಜಾಗದಲ್ಲಿ ಫಾರ್ಮ್ ಎಐನಲ್ಲಿ ಏನಿತ್ತೋ ಅದನ್ನೇ ನಕಲು ಮಾಡಿದ್ದೆವು: "35% ಮೌಲ್ಯ ಮತ್ತು ಸಬ್‌ಹೆಡಿಂಗ್ ಬದಲಾವಣೆ". ಯಾವ ಸಬ್‌ಹೆಡಿಂಗ್‌ನಿಂದ (ಎಚ್‌ಎಸ್ ಕೋಡಿನ ಮೊದಲ 6 ಅಂಕಿ) ಯಾವುದಕ್ಕೆ ಬದಲಾಯಿತು ಅಂತ ಯಾರೂ ಕೇಳಲಿಲ್ಲ. ಸಪ್ಲೈಯರ್ ತರಿಸುವ ಕಚ್ಚಾ ಮಾಲು ಯಾವುದು ಅಂತಲೂ ಕೇಳಲಿಲ್ಲ. ಆದರೆ ಅದಕ್ಕೆ ಉತ್ತರ ನಮ್ಮ ಕಟ್ಟಡದಲ್ಲೇ ಇತ್ತು. ಸಪ್ಲೈಯರ್‌ನನ್ನು ಒಪ್ಪುವ ಮುಂಚೆ ಕ್ವಾಲಿಟಿಯವರು ಅವನಿಂದ ಪ್ರೊಸೆಸ್ ಶೀಟ್ ತರಿಸಿಕೊಂಡಿದ್ದರು. ಅದರ ಮೊದಲ ಸಾಲಿನಲ್ಲೇ, ಒಳಗೆ ಬರುವ ಮಾಲು "ಗ್ರಾಫೈಟ್ ಆಗಿಸಿದ ಪೌಡರ್, ಚೀನಾ" ಅಂತ ಇತ್ತು. ಆಮೇಲೆ ಜರಡಿ, ಆಯಸ್ಕಾಂತದಿಂದ ಕಬ್ಬಿಣದ ಕಣ ತೆಗೆಯುವುದು, ಬ್ಲೆಂಡಿಂಗ್, ಪ್ಯಾಕಿಂಗ್. ಕ್ವಾಲಿಟಿಯವರಿಗೆ ಆ ಶೀಟ್ ಕಣದ ಗಾತ್ರ ನೋಡಲು ಬೇಕಿತ್ತು. ಆಮದಿನ ಕಾಗದ ಮಾಡುವ ನಾವು ಅದನ್ನು ಕಣ್ಣಲ್ಲೂ ನೋಡಿರಲಿಲ್ಲ. ಅಧಿಕಾರಿ ಕೇಳಿದ ಮೇಲೆ ಫೈಲ್ ತೆಗೆದು ಆ ಸಾಲು ಓದಿದಾಗ ಎದೆ ಧಸಕ್ಕೆಂದಿತು.

ಆ ಒಂದು ಸಾಲಿಂದ ಏನಾಯಿತು ಅಂತ ನೋಡಿ. ಆಸಿಯಾನ್ ಒಪ್ಪಂದದಲ್ಲಿ ಹೊರಗಿನ ಕಚ್ಚಾ ಮಾಲು ಬಳಸಿ ಮಾಡಿದ ವಸ್ತುವಿಗೆ ಎರಡು ಷರತ್ತು, ಎರಡೂ ದಾಟಬೇಕು. ಆಸಿಯಾನ್ ಅಥವಾ ಭಾರತದ ಪಾಲು ಎಫ್‌ಓಬಿ ಬೆಲೆಯ (ಹಡಗಿಗೆ ಏರಿಸುವವರೆಗಿನ ಬೆಲೆ) 35%ಗಿಂತ ಕಮ್ಮಿ ಇರಬಾರದು. 6 ಅಂಕಿಯ ಎಚ್‌ಎಸ್ ಸಬ್‌ಹೆಡಿಂಗ್ ಬದಲಾಗಬೇಕು. ನಮ್ಮ ಮಾಲು ಮಲೇಷ್ಯಾಕ್ಕೆ ಹೋದಾಗಲೂ 3801 10, ಹೊರಟಾಗಲೂ 3801 10. ಸಾಲದು ಅಂತ, ಜರಡಿ ಹಿಡಿಯುವುದು, ಪ್ಯಾಕಿಂಗ್ ಬದಲಿಸುವುದು ಇಂಥವನ್ನು ಅಲ್ಪ ಸಂಸ್ಕರಣೆ ಅಂತ ನಿಯಮವೇ ಪಕ್ಕಕ್ಕಿಟ್ಟಿದೆ. ಅವಷ್ಟನ್ನೇ ಎಷ್ಟು ಮಾಡಿದರೂ ಮೂಲ ಸಿಗುವುದಿಲ್ಲ. ಪಂಜಾಬಿನ ಗೋಧಿ ತಂದು ನಮ್ಮೂರ ಗಿರಣಿಯಲ್ಲಿ ಬೀಸಿದರೆ ಅದು ನಮ್ಮೂರ ಹಿಟ್ಟು. ಪಂಜಾಬಿನ ಹಿಟ್ಟನ್ನೇ ತಂದು ಇಲ್ಲಿ ಜರಡಿ ಹಿಡಿದರೆ ಅಲ್ಲ.

ಇದೇ ಗ್ರಾಫೈಟ್‌ನಲ್ಲಿ ಕಥೆ ಬೇರೆ ಆಗುವುದೂ ಉಂಟು. ಕೃತಕ ಗ್ರಾಫೈಟ್ ಮಾಡುವುದು ಹೆಚ್ಚಾಗಿ ಪೆಟ್ರೋಲಿಯಂ ಕೋಕ್‌ನಿಂದ. ಅದರ ಕೋಡ್ 2713. ಕೋಕನ್ನು 3,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದಾಗ ಅದು ಗ್ರಾಫೈಟ್ ಆಗುತ್ತದೆ, ಕೋಡ್ 3801ಕ್ಕೆ ಹೋಗುತ್ತದೆ. ಈ ಕುಲುಮೆ ಮಲೇಷ್ಯಾದಲ್ಲಿದ್ದರೆ, ಕೋಕ್ ಚೀನಾದಿಂದ ಬಂದಿದ್ದರೂ ಕೋಡಿನ ಷರತ್ತು ದಾಟಿದಂತೆ. ಆಮೇಲೆ 35% ಲೆಕ್ಕ ಮಾತ್ರ ನೋಡಬೇಕು. ಲಿಥಿಯಂನದ್ದೂ ಇದೇ ದಾರಿ. ಪಶ್ಚಿಮ ಆಸ್ಟ್ರೇಲಿಯಾದ ಗಣಿಯ ಸ್ಪೊಡುಮಿನ್ ಅದಿರು ಚೀನಾಕ್ಕೆ ಹೋಗಿ ಲಿಥಿಯಂ ಹೈಡ್ರಾಕ್ಸೈಡ್ ಆದರೆ ಅದು ಚೀನಾದ ಮಾಲು. ಗಣಿ ಆಸ್ಟ್ರೇಲಿಯಾದ್ದು ಅಂತ ಹೇಳಿ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದ ರಿಯಾಯಿತಿ ಕೇಳಲು ಬರುವುದಿಲ್ಲ.

ಹಾಗಾಗಿ "ಚೀನಾವೋ ಮಲೇಷ್ಯಾವೋ, ಯಾವುದು ಲಾಭ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂಲ ದೇಶ ನೀವು ಆರಿಸಿಕೊಳ್ಳುವ ವಿಷಯ ಅಲ್ಲ. ಕುಲುಮೆ ಎಲ್ಲಿ ಉರಿಯಿತೋ ಅಲ್ಲೇ ಅದು ತೀರ್ಮಾನ ಆಗಿಬಿಟ್ಟಿರುತ್ತದೆ. ಸಪ್ಲೈಯರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು, ರೇಟ್ ಆಮೇಲೆ. ಒಳಗೆ ಬರುವ ಪ್ರತಿ ಕಚ್ಚಾ ಮಾಲಿನ ಎಚ್‌ಎಸ್ ಕೋಡ್, ಅದರ ದೇಶ, ಎಫ್‌ಓಬಿಯಲ್ಲಿ ಅದರ ಪಾಲು, ಇವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಎಲ್ಲಿಯದು ಅಂತ ಗೊತ್ತಿಲ್ಲದ ಮಾಲು 35% ಲೆಕ್ಕದಲ್ಲಿ ಹೊರಗಿನದ್ದು ಅಂತಲೇ ಸೇರುತ್ತದೆ. ನಮ್ಮ ಸಪ್ಲೈಯರ್ "ಖರ್ಚಿನ ಲೆಕ್ಕ ವ್ಯಾಪಾರದ ಗುಟ್ಟು, ಕೊಡಲ್ಲ" ಅಂದ. ನಿಮಗೂ ಹಾಗೇ ಅಂದರೆ, ಪರಿಶೀಲನೆ ಬಂದಾಗ ಅಲ್ಲಿನ ಸರ್ಟಿಫಿಕೇಟ್ ಕೊಡುವ ಇಲಾಖೆಗೆ ನೇರ ಕೊಡುತ್ತೇನೆ ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಅದಕ್ಕೂ ಒಪ್ಪದವನಿಂದ ರಿಯಾಯಿತಿಯ ಆಸೆಗೆ ಮಾಲು ತರಿಸಬೇಡಿ.

ನಮಗೆ ಬಿದ್ದ ಹೊರೆ ಆ ಒಂದು ಕನ್‌ಸೈನ್‌ಮೆಂಟ್‌ಗೆ ನಿಲ್ಲಲಿಲ್ಲ. ಮಾಲು ಬಿಡಿಸಿಕೊಳ್ಳಲು ಡ್ಯೂಟಿ ವ್ಯತ್ಯಾಸಕ್ಕೆ ಭದ್ರತೆ ಇಡಬೇಕಾಯಿತು. ಅದೇ ಸಪ್ಲೈಯರ್‌ನ ಹಳೆಯ ಬಿಲ್ ಆಫ್ ಎಂಟ್ರಿಗಳೂ (ಆಮದು ಘೋಷಣೆ ಪತ್ರಗಳೂ) ತೆರೆದುಕೊಂಡವು. ವ್ಯತ್ಯಾಸದ ಮೇಲೆ ವರ್ಷಕ್ಕೆ 15% ಬಡ್ಡಿ. ನಮ್ಮ ಗ್ರಾಹಕರಿಗೆ ಸೆಲ್ ಬೆಲೆಯನ್ನು ರಿಯಾಯಿತಿ ಲೆಕ್ಕದಲ್ಲೇ ಒಪ್ಪಿಯಾಗಿತ್ತು. ಅದನ್ನು ಏರಿಸಲು ಆಗಲಿಲ್ಲ. ಆ ವರ್ಷ ಲೈನಿಗೆ ಬೇಕಿದ್ದ ಒಂದು ಕೋಟಿಂಗ್ ಮೆಷಿನ್ ಬರಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಬೇರೆಯದೇ ನೋಡುತ್ತಿದ್ದೆ. ಲಿಥಿಯಂ ಅಯಾನ್ ಸೆಲ್ ತಯಾರಿಕೆಗೆ ತರುವ ಕೆಲವು ವಸ್ತುಗಳಿಗೆ ಬಳಕೆಯ ಆಧಾರದ ಮೇಲೆ ಡ್ಯೂಟಿ ರಿಯಾಯಿತಿ ಇದೆ. ಅದಕ್ಕೆ ಮಾಲು ಯಾವ ದೇಶದ್ದು ಅನ್ನುವುದು ಮುಖ್ಯ ಅಲ್ಲ. ಐಜಿಸಿಆರ್ (ರಿಯಾಯಿತಿ ದರದ ಆಮದಿನ) ನಿಯಮದ ಪ್ರಕಾರ ಹೆಸರು ನೋಂದಾಯಿಸಿ, ಮಾಲು ಸೆಲ್‌ಗೇ ಹೋಯಿತು ಅಂತ ಲೆಕ್ಕ ತೋರಿಸಬೇಕು, ಅಷ್ಟೆ. ನಿಮ್ಮ ಪೌಡರ್ ಆ ಪಟ್ಟಿಯಲ್ಲಿದ್ದು, ಅವಧಿ ಇನ್ನೂ ಇದ್ದರೆ ಮಲೇಷ್ಯಾದ ಸುತ್ತು ಸುಮ್ನೆ ಯಾಕೆ? ಇಲ್ಲದಿದ್ದರೆ ಚೀನಾ ಅಂತ ಬರೆದು ಪೂರ್ತಿ ಡ್ಯೂಟಿ ಕಟ್ಟಿ, ಬೆಲೆಯನ್ನು ಅದರ ಮೇಲೆ ಕೂಡಿಸಿ. ಮಲೇಷ್ಯಾದಲ್ಲಿ ನಿಜವಾಗಿಯೂ ಕುಲುಮೆ ಇದೆ, ಆದರೂ ಅನುಮಾನ ಅನ್ನಿಸಿದರೆ ಮೂಲದ ಬಗ್ಗೆ ಅಡ್ವಾನ್ಸ್ ರೂಲಿಂಗ್ (ಆಮದಿಗೆ ಮುಂಚೆಯೇ ಸಿಗುವ ಅಧಿಕೃತ ತೀರ್ಪು) ಕೇಳಬಹುದು, 28ಎಚ್ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಇಷ್ಟರಲ್ಲೇ ಕೆಲವು ಕನ್‌ಸೈನ್‌ಮೆಂಟ್ ಫಾರ್ಮ್ ಎಐ ಮೇಲೆ ಬಿಡಿಸಿಕೊಂಡಿದ್ದರೆ, ನಾಳೆಯೇ ಕ್ವಾಲಿಟಿಯವರ ಹತ್ತಿರ ಆ ಪ್ರೊಸೆಸ್ ಶೀಟ್ ಕೇಳಿ. ಅದರಲ್ಲಿ ಚೀನಾದ ಗ್ರಾಫೈಟ್ ಕಂಡರೆ ಕಾಯಬೇಡಿ. ನೋಟಿಸ್ ಬರುವ ಮೊದಲೇ ವ್ಯತ್ಯಾಸವನ್ನು ಬಡ್ಡಿ ಸಮೇತ ತಾವಾಗಿ ಕಟ್ಟುವ ದಾರಿ 28ನೇ ಸೆಕ್ಷನ್‌ನಲ್ಲಿದೆ. ಇದನ್ನು ಸಿಎಚ್‌ಎ ಜೊತೆ ಅಲ್ಲ, ಕಸ್ಟಮ್ಸ್ ನೋಡುವ ಒಬ್ಬ ವಕೀಲರ ಜೊತೆ ಕೂತು ಮಾಡಿ.